ಹಳೇ ಪಾಸ್‌ವರ್ಡ್

"ಒತ್ತಬೇಡ್ರೀ!" ಹೆಂಡತಿ ಅವನ ಮೊಣಕೈ ಹಿಡಿದುಕೊಂಡಳು. ಮನೆಯ ವೈಫೈಗೆ ಹೊಸ ಪಾಸ್‌ವರ್ಡ್ ಹಾಕಿಯಾಗಿತ್ತು. ಫೋನಿನಲ್ಲಿ ಸೇವ್ ಒತ್ತುವುದೊಂದೇ ಬಾಕಿ.

"ಬೀದಿಗೆಲ್ಲ ಗೊತ್ತಿರೋ ಪಾಸ್‌ವರ್ಡ್ ಇಟ್ಕೊಂಡು ಕಳ್ಳರನ್ನ ಸಾಕ್ಬೇಕೇನೇ?"

"ಮಗಳ ಫೋನಿಗೆ ಗೊತ್ತಿರೋದು ಹಳೇದೊಂದೇ. ಅವಳು ಗೇಟಿನ ಹತ್ರ ಬಂದ್ರೂ ತಾನಾಗೇ ಸೇರ್ಕೊಳ್ಳುತ್ತೆ. ನಂಗೆ ಗೊತ್ತಾಗುತ್ತೆ."

ಮಗಳ ಮಾತೆತ್ತಿದರೆ ಅವನಿಗೆ ಮೈಯೆಲ್ಲ ಉರಿ. ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ಅವಳನ್ನು ಹೊರಗಟ್ಟಿದ್ದವನು ಅವನೇ. ಕೈ ಕೊಸರಿಕೊಂಡು ಬೆರಳು ಇಳಿಸುವಷ್ಟರಲ್ಲಿ ಪರದೆಯ ಮೇಲೆ ಸಂದೇಶವೊಂದು ಮೂಡಿತು: 'ಪುಟ್ಟಿ' ಈಗ ವೈಫೈಗೆ ಸೇರಿದೆ. ಮಗಳಿಗೆ ಫೋನ್ ಕೊಡಿಸಿದ ದಿನ ಆ ಹೆಸರು ಕುಟ್ಟಿದ್ದು ಇದೇ ಬೆರಳು.

ಹೆಂಡತಿ ಕಿಟಕಿಯತ್ತ ತಿರುಗಿದಳು. ಹೊರಗೆ ಗೇಟು ಸದ್ದು ಮಾಡಲಿಲ್ಲ. ಅವನು ಫೋನನ್ನು ಮಗುಚಿಟ್ಟ.

"ಬಿಸಿಲಲ್ಲಿ ನಿಂತ್ರೆ ಅವಳಿಗೆ ತಲೆನೋವು ಬರುತ್ತೆ ಕಣೇ," ಎಂದು ಗೊಣಗುತ್ತ ಎದ್ದುಹೋಗಿ ಬಾಗಿಲ ಚಿಲಕ ತೆಗೆದ.