ಜರಿಪಂಚೆಯ ಸಂಡಿಗೆ

ಚಂದ್ರಪ್ಪನವರ ಜರಿಯಂಚಿನ ಪಂಚೆಯನ್ನು ರತ್ನಮ್ಮ ತಾರಸಿಯ ಮೇಲೆ ಹಾಸಿಯೇಬಿಟ್ಟರು. ನಾಲ್ಕು ಮೂಲೆಗೂ ಇಟ್ಟಿಗೆ ಹೇರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೇಯಿಸಿದ ಸಬ್ಬಕ್ಕಿಯ ಪಾತ್ರೆ ಮುಂದಿಟ್ಟುಕೊಂಡು ಸಂಡಿಗೆ ಇಡಲು ಕುಳಿತರು.

“ಲೇ ರತ್ನಾ, ಅದು ಅಹಲ್ಯಾ ಮದುವೇಲಿ ನಾನು ಧಾರೆ ಎರೆದ ಪಂಚೆ ಕಣೇ!” ಚಂದ್ರಪ್ಪ ಬಾಯಿ ಬಾಯಿ ಬಡಿದುಕೊಂಡರು.

“ಧಾರೆ ಎರೆದಾಯ್ತು, ಮಗಳು ದೆಹಲಿಯ ಲಕ್ಷ್ಮೀನಗರದಲ್ಲಿ ಸಂಸಾರ ಹೂಡಿದ್ದಾಯ್ತು, ಮೊಮ್ಮಗನೂ ಹುಟ್ಟಿದ್ದಾಯ್ತು. ಇನ್ನೇನ್ರೀ ಕೆಲಸ ಅದಕ್ಕೆ?”

“ಹೋಗ್ಲಿ, ಪ್ಲಾಸ್ಟಿಕ್ ಶೀಟಾದ್ರೂ ಹಾಸಬಾರದಾ? ಸಾಯಂಕಾಲ ಆಂಧಿ ಬರುತ್ತೆ ಅಂತಿದಾರೆ ಟಿವಿಯಲ್ಲಿ.”

“ನಿಮ್ಮ ಟಿವಿಯವರು ಹೇಳಿದಾಗೆಲ್ಲ ಧೂಳುಗಾಳಿ ಬೀಸಿದ್ದಿದ್ರೆ, ಈ ಘಾಜಿಯಾಬಾದ್ ಇಷ್ಟೊತ್ತಿಗೆ ಆಗ್ರಾದಲ್ಲಿ ಹೋಗಿ ಬಿದ್ದಿರ್ತಿತ್ತು. ಕೆಳಗೆ ನಡೀರಿ ನೀವು!”

ಪ್ಲಾಸ್ಟಿಕ್ ಶೀಟು ಇಲ್ಲದೆ ಏನು, ಇತ್ತು. ಪ್ರತಿ ವರ್ಷ ಅದರ ಮೇಲೆಯೇ ಸಂಡಿಗೆ. ಆದರೆ ಬೆಳಿಗ್ಗೆ ಮೊಮ್ಮಗಳು ಇಂಚರಾ ಅದನ್ನು ನೋಡಿ ಮೂಗು ಮುರಿದು, “ದಾವಣಗೆರೆ ಅಜ್ಜಿ ಪಂಚೆ ಮೇಲೆ ಇಡ್ತಾರೆ” ಎಂದಿದ್ದಳು. ಅಷ್ಟು ಸಾಕಾಯಿತು. ಮಗ ಕಿಶನ್‌ನ ಸಂಸಾರ ಪುಣೆಯಿಂದ ಬಂದಾಗಿನಿಂದ ಇದೇ ಕಥೆ. ಬೇಸಿಗೆ ಬಂತೆಂದರೆ ಸೊಸೆ ಲಾವಣ್ಯಾಳ ತವರಿಗೆ ಓಡುತ್ತಿದ್ದ ಹುಡುಗಿ, ರಜೆಗೆಂದು ಈ ಮನೆಗೆ ಬಂದದ್ದು ಇದೇ ಮೊದಲು. ಇಂಡಿಯಾ ಗೇಟ್ ತೋರಿಸಿದರೆ “ದಾವಣಗೆರೆ ಅಜ್ಜಿ ಮನೇಲಿ ಕರು ಇದೆ” ಎನ್ನುತ್ತಾಳೆ. ಶಾಪಿಂಗ್ ಮಾಲ್‌ಗೆ ಕರೆದೊಯ್ದರೆ “ಅಲ್ಲಿ ನಡುಮನೇಲಿ ಉಯ್ಯಾಲೆ ಇದೆ” ಎನ್ನುತ್ತಾಳೆ. ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಕರು ಎಲ್ಲಿಂದ ತರೋದು? ಈ ಸಲ ಮಗುವಿನ ಮನಸ್ಸು ಗೆಲ್ಲದಿದ್ದರೆ ಮುಂದಿನ ರಜೆಗೂ ಅವಳು ದಾವಣಗೆರೆಯ ಪಾಲೇ. ಬೀಗಿತ್ತಿ ಒಳ್ಳೆಯವರೇ, ಪಾಪ. ಆದರೂ ರತ್ನಮ್ಮನ ಹೊಟ್ಟೆಯಲ್ಲಿ ಉರಿ.

ದೆಹಲಿಗೆ ಅಂಟಿಕೊಂಡ ಘಾಜಿಯಾಬಾದಿನ ಬಿಸಿಲಿಗೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಸಂಡಿಗೆ ಅರ್ಧಕ್ಕೂ ಹೆಚ್ಚು ಒಣಗಿತ್ತು. ಇಂಚರಾ ಮತ್ತು ಲಕ್ಷ್ಮೀನಗರದಿಂದ ಬಂದಿದ್ದ ಅಹಲ್ಯಾಳ ಮಗ ಧನುಷ್ ಛತ್ರಿ ಹಿಡಿದು ಕಾವಲು ಕುಳಿತಿದ್ದರು. ಪಾರಿವಾಳ ತಿಂದದ್ದಕ್ಕಿಂತ ಕಾವಲುಗಾರರು ತಿಂದದ್ದೇ ಹೆಚ್ಚು. ಇದ್ದಕ್ಕಿದ್ದಂತೆ ಧನುಷ್ ಕೂಗಿಕೊಂಡ: “ಅಜ್ಜೀ, ದೇಖೋ! ಆಂಧಿ ಆ ರಹೀ ಹೈ!”

ಪಡುವಣದ ಆಕಾಶ ಅರಿಶಿನ ಕಲಸಿದಂತಾಗಿತ್ತು. ರತ್ನಮ್ಮ ಎದ್ದೆನೋ ಬಿದ್ದೆನೋ ಎಂದು ಮೇಲೆ ಓಡಿ ಬಂದರು. “ಹಿಡ್ಕೊಳ್ರೋ! ಮೂಲೆ ಹಿಡ್ಕೊಳ್ರೋ!” ಆ ಕಡೆ ಎರಡು ಮೂಲೆ ಮಕ್ಕಳಿಗೆ, ಈ ಕಡೆ ಎರಡು ತಮಗೆ. ಇಟ್ಟಿಗೆ ತೆಗೆದದ್ದೇ ತಡ, ಗಾಳಿ ಪಂಚೆಯೊಳಗೆ ನುಗ್ಗಿತು. ಇಂಚರಾಳ ಹಿಮ್ಮಡಿ ನೆಲ ಬಿಟ್ಟದ್ದನ್ನು ನೋಡಿ ರತ್ನಮ್ಮ ಕಿರುಚಿದರು.

“ಬಿಡು ಪುಟ್ಟೀ! ಬಿಟ್ಟುಬಿಡು!”

ಎಲ್ಲರೂ ಬಿಟ್ಟರು. ಜರಿಪಂಚೆ ಮೈತುಂಬ ಸಂಡಿಗೆ ಹೊತ್ತುಕೊಂಡು ಎದ್ದಿತು ನೋಡಿ, ನೀರಿನ ಟ್ಯಾಂಕು ದಾಟಿ, ಎದುರು ಮನೆಯ ಡಿಶ್ ಆಂಟೆನಾಕ್ಕೆ ಒಂದು ಸುತ್ತು ಬಂದು, ಬೀದಿಯಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ ಕುಲ್ಫಿಯವನ ತಳ್ಳುಗಾಡಿಯ ಮೇಲೆ ಧೊಪ್ಪನೆ ಇಳಿಯಿತು. ಪಂಚೆಯೊಳಗಿಂದ ತಲೆ ಹೊರಗೆ ಹಾಕಿದ ಆ ಭಯ್ಯಾ ಮೊದಲು ಆಕಾಶ ನೋಡಿದ, ಆಮೇಲೆ ಸಂಡಿಗೆ ನೋಡಿದ. ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡ. “ಮಾತಾಜೀ,” ಎಂದು ಕತ್ತೆತ್ತಿ ಕೂಗಿದ, “ಔರ್ ಹೈ ಕ್ಯಾ?”

“ಅಯ್ಯೋ ಇವನ ಮನೆ ಹಾಳಾಗ! ಇನ್ನೂ ಬೇಕಂತೆ!” ರತ್ನಮ್ಮನಿಗೆ ಅಳು ಬರುವುದೊಂದು ಬಾಕಿ. ಸಂಡಿಗೆ ಹೋದರೆ ಹೋಗಲಿ. ದೆಹಲಿ ಅಜ್ಜಿಗೆ ಒಂದು ಸಂಡಿಗೆ ಒಣಗಿಸುವುದಕ್ಕೂ ಬರುವುದಿಲ್ಲ ಎಂದು ಮಗು ದಾವಣಗೆರೆಗೆ ವರದಿ ಒಪ್ಪಿಸಿದರೆ ಮಾನ ಉಳಿಯುತ್ತದೆಯೇ? ಅಳುಕುತ್ತಲೇ ತಿರುಗಿ ನೋಡಿದರು. ತಲೆಯಿಂದ ಕಾಲಿನವರೆಗೆ ಧೂಳಾಗಿದ್ದ ಇಂಚರಾ ಧನುಷ್‌ನ ಕೈ ಹಿಡಿದು ಕುಣಿಯುತ್ತಿದ್ದಳು. “ಹಾರಿತು! ಹಾರಿತು! ತಾತನ ಪಂಚೆ ಹಾರಿತು!”

ಸಂಜೆ ದಾವಣಗೆರೆಯಿಂದ ಫೋನು ಬಂತು. ರತ್ನಮ್ಮ ಅಡುಗೆಮನೆಯ ನಲ್ಲಿ ನಿಲ್ಲಿಸಿ ಕಿವಿಗೊಟ್ಟರು.

“ಅಜ್ಜೀ, ನಿಮ್ಮನೇಲಿ ತಾತನ ಪಂಚೆ ಹಾರುತ್ತಾ?” ಇಂಚರಾ ಕೇಳುತ್ತಿದ್ದಳು. “ಹಾರಲ್ವಾ? ಒಂದ್ಸಲಾನೂ? ಅಯ್ಯೋ ಪಾಪ! ಇಲ್ಲಿ ಹಾರುತ್ತೆ ಅಜ್ಜೀ! ಮುಂದಿನ ರಜೆಗೆ ನೀವೂ ಇಲ್ಲಿಗೇ ಬಂದ್ಬಿಡಿ, ತೋರಿಸ್ತೀನಿ.”

ಮುಂದಿನ ರಜೆಗೆ! ರತ್ನಮ್ಮ ಹಿಗ್ಗಿ ಹೀರೇಕಾಯಿಯಾದರು. ಆ ಖುಷಿಯಲ್ಲಿ ಹೋದ ವರ್ಷದ ಸಂಡಿಗೆಯನ್ನೆಲ್ಲ ಕರಿದು ಡಬ್ಬಿಗೆ ತುಂಬಿ, ಪಂಚೆ ತಂದುಕೊಟ್ಟ ಕುಲ್ಫಿಯವನಿಗೂ ಕಳಿಸಿದರು. ಕಿಶನ್ ಪಕ್ಕಕ್ಕೆ ಬಂದು, “ಅಮ್ಮಾ, ಅಪ್ಪ ಇನ್ನೂ ಜರಿ ಒರೆಸ್ತಾ ಕೂತಿದಾರೆ” ಎಂದ. “ಒರೆಸಲಿ ಬಿಡೋ, ರಿಟೈರ್ ಆದ್ಮೇಲೆ ಬೇರೇನು ಕೆಲಸ” ಎಂದುಬಿಟ್ಟರು.

ಮರುದಿನ ಮಧ್ಯಾಹ್ನ ಸ್ನಾನ ಮುಗಿಸಿ ಬಂದ ಚಂದ್ರಪ್ಪನವರಿಗೆ ಉಡಲು ಪಂಚೆ ಸಿಗಲಿಲ್ಲ. ಟವೆಲ್ ಸುತ್ತಿಕೊಂಡೇ ತಾರಸಿ ಹತ್ತಿದರು. ಅವರು ದಿನವೂ ಉಡುವ ಪಂಚೆ ಬಿಸಿಲಿನಲ್ಲಿ ಹಾಸಿಕೊಂಡು ಬಿದ್ದಿತ್ತು. ಅದರ ಮೇಲೆ ಸಂಡಿಗೆ ಒಂದೂ ಇಲ್ಲ, ಮೂಲೆಯಲ್ಲಿ ಇಟ್ಟಿಗೆಯೂ ಇಲ್ಲ. ಅಜ್ಜಿ ಒಂದು ಕಡೆ, ಮೊಮ್ಮಕ್ಕಳು ಇನ್ನೊಂದು ಕಡೆ, ಪಡುವಣಕ್ಕೆ ಮುಖ ಮಾಡಿ ಕುಳಿತಿದ್ದರು.

“ಏನೇ ಇದು ರತ್ನಾ?”

ರತ್ನಮ್ಮ ಆಕಾಶದಿಂದ ಕಣ್ಣು ಕೀಳಲಿಲ್ಲ.

“ಅದಿರಲಿ, ಟಿವಿಯವರು ಇವತ್ತು ಏನಂದ್ರು ಹೇಳ್ರೀ. ಆಂಧಿ ಬರುತ್ತಂತಾ?”