ಮೂವತ್ತೊಂದನೇ ತಾರೀಖು

“ಇವತ್ತಿನ ದಿನಾ ಯಾರ ಪಾಲಿಂದು?”

ಪಾರ್ವತೆವ್ವ ಯಾರನ್ನೂ ನೋಡದೆ ಕೇಳಿದಳು. ಪರದೇಶದ ಉದ್ಯಾನವೊಂದರ ಬೆಂಚಿನ ಮೇಲೆ ಕೂತಿದ್ದಳು. ಕಾಲ ಬಳಿ ಸೂಟ್‌ಕೇಸು. ಎಡಕ್ಕೆ, ಇಲ್ಫರ್ಡಿನಿಂದ ಅವಳನ್ನು ಕರೆತಂದ ಹಿರಿಯ ಮಗ ಮಲ್ಲಪ್ಪ. ಬಲಕ್ಕೆ, ಕ್ರೋಯ್ಡನ್ನಿನಿಂದ ಬಂದ ಕಿರಿಯವ ಸಂಗಮೇಶ. ಸೊಸೆಯಂದಿರು ಒಬ್ಬರ ಹೊಸ್ತಿಲು ಒಬ್ಬರು ತುಳಿಯುವುದಿಲ್ಲ. ಹಾಗಾಗಿ ಅವ್ವನನ್ನು ಒಪ್ಪಿಸುವುದು, ಒಪ್ಪಿಸಿಕೊಳ್ಳುವುದು ಎಲ್ಲ ಎರಡು ಮನೆಗಳ ನಡುದಾರಿಯ ಈ ಉದ್ಯಾನದಲ್ಲೇ.

ಒಂದರಿಂದ ಹದಿನೈದು ಸಂಗಮೇಶನ ಮನೆ, ಹದಿನಾರರಿಂದ ಮೂವತ್ತು ಮಲ್ಲಪ್ಪನ ಮನೆ. ಸೆಪ್ಟೆಂಬರಿನಲ್ಲಿ, ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಫೋನಿನಲ್ಲೇ ಮಾಡಿಕೊಂಡ ಕರಾರು. ಆ ಹಾಳೆಯಲ್ಲಿ ಮೂವತ್ತೇ ದಿನಗಳಿದ್ದವು. ಇಂದು ಅಕ್ಟೋಬರ್ ಮೂವತ್ತೊಂದು.

“ನನ್ನ ಪಾಳಿ ನಿನ್ನೆಗೇ ಮುಗೀತು,” ಎಂದ ಮಲ್ಲಪ್ಪ. “ಊರಿಂದ ಅತ್ತಿ-ಮಾವ ಬಂದಾರ. ಅವ್ವನ ಖೋಲ್ಯಾಗ ಅವರ ಹಾಸಿಗಿ ಬಿದ್ದೈತಿ.”

“ನಂದು ನಾಳಿಂದ, ಅಣ್ಣಾ. ಕರಾರು ಮಾಡಿದಾಂವ ನೀನ.”

“ನೀ ಹೂಂ ಅಂದಿದ್ದಿಲ್ಲೇನು? ಇಷ್ಟು ದೊಡ್ಡ ಎಂಜಿನಿಯರ್, ತಿಂಗಳಿಗೆ ಎಷ್ಟು ದಿನಾ ಅಂತ ಗೊತ್ತಿಲ್ಲ ನಿನಗ?”

“ಒಂದು ರಾತ್ರಿ ನಿಮ್ಮ ಅತ್ತಿ-ಮಾವ ಸೋಫಾ ಮ್ಯಾಲ ಮಲಕೊಂಡ್ರ ಸವೀತಾರೇನು?”

ಮಲ್ಲಪ್ಪನ ಮಗಳು ಪ್ರಿಯಾಂಕಾ ಅಪ್ಪ-ಕಾಕನ ಮಾತು ಕಿವಿಗೆ ಹಾಕಿಕೊಳ್ಳದೆ, ಬೆಂಚಿನೆದುರಿನ ಸ್ಮಾರಕದ ಕಲ್ಲಿನ ಮೇಲಿನ ಇಂಗ್ಲಿಷ್ ಬರಹ ಓದುತ್ತಿದ್ದಳು.

“ಏನು ಬರದಾರವ್ವ ಅದರಾಗ?” ಎಂದಳು ಪಾರ್ವತೆವ್ವ.

“ಎರಡು ಕಂಟ್ರಿ, ಅಜ್ಜಿ. ಬಾರ್ಡರ್ ಫೈಟ್ ಇತ್ತು. ಆಮೇಲೆ ಕೂತು ಟಾಕ್ ಮಾಡಿ ಸೆಟಲ್ ಮಾಡಿದ್ರು. ನೋಬಡಿ ಡೈಡ್.”

“ಚಲೋ ಆತು. ಆ ನೆಲಾನ ಒಂದು ಮಾತು ಕೇಳಿದ್ರಂತೇನು?”

ಮೊಮ್ಮಗಳು ಮತ್ತೊಮ್ಮೆ ಕಲ್ಲಿನತ್ತ ಬಗ್ಗಿ ನೋಡಿದಳು. “ಅದು ಬರೆದಿಲ್ಲ, ಅಜ್ಜಿ.”

ಗಂಡುಮಕ್ಕಳ ಮಾತು ಏರುತ್ತಲೇ ಇತ್ತು. ನಾಯಿಯನ್ನು ಅಡ್ಡಾಡಿಸಲು ಬಂದ ಹೆಂಗಸೊಬ್ಬಳು ದೂರದಿಂದಲೇ ದಾರಿ ಬದಲಿಸಿದಳು. ಪಾರ್ವತೆವ್ವ ಶಾಲು ಹೊದ್ದುಕೊಂಡಳು.

“ಒಂದು ಹೇಳ್ರಪ್ಪಾ. ಇಂಥಾ ದಿನಾನ ನನ್ನ ಉಸರು ನಿಂತ್ರ, ಮಣ್ಣು ಯಾರು ಕೊಡ್ತೀರಿ?”

ಸಂಗಮೇಶ ಬೂಟಿನ ತುದಿಯಿಂದ ತೊಯ್ದ ಎಲೆಗಳನ್ನು ಕೆದಕಿದ. ಮಲ್ಲಪ್ಪ ಗಂಟಲು ಸರಿಮಾಡಿಕೊಂಡು, ತಮ್ಮನ ಹೆಗಲ ಮೇಲೆ ಕೈಯಿಟ್ಟು, ಅವನನ್ನು ನಾಲ್ಕು ಹೆಜ್ಜೆ ಆಚೆಗೆ ಕರೆದೊಯ್ದ. ಒಂದೇ ಫೋನಿನ ಮೇಲೆ ಎರಡು ತಲೆಗಳು ಬಾಗಿದವು. ಎರಡು ನಿಮಿಷವೂ ಆಗಲಿಲ್ಲ. ಕೈ ಕುಲುಕಿ ತಿರುಗಿ ಬಂದರು.

“ಮುಗೀತವ್ವ,” ಎಂದ ಮಲ್ಲಪ್ಪ. ಮುಖದಲ್ಲಿ ಗೆಲುವಿತ್ತು. “ಇವತ್ತಿಂದು ನಂದು. ಡಿಸೆಂಬರ್ ಮೂವತ್ತೊಂದು ಸಂಗಮೇಶಂದು. ಜನವರಿದು ಮತ್ತ ನಂದು. ಇನ್ನ ಜಗಳಿಲ್ಲ.”

“ವರ್ಷಪೂರ್ತಿದು ಬರಕೊಂಡೀವಿ ಬೇ. ನೀ ಏನೂ ಚಿಂತಿ ಮಾಡಬ್ಯಾಡ,” ಎಂದ ಸಂಗಮೇಶ.

ಮಲ್ಲಪ್ಪ ಸೂಟ್‌ಕೇಸಿನ ಹಿಡಿಕೆ ಮೇಲೆಳೆದ. “ಏಳವ್ವ, ಕಾರು ಹತ್ತು. ಕತ್ತಲಾಗಾಕತ್ತೈತಿ.”

ಪಾರ್ವತೆವ್ವ ಒಂದು ಕೈಯಿಂದ ಸೆರಗಿನೊಳಗೆ ಕೊರಳಿನ ಲಿಂಗವನ್ನು ಹಿಡಿದಳು. ಇನ್ನೊಂದರಿಂದ ಬೆಂಚಿನ ತಣ್ಣನೆಯ ಕಬ್ಬಿಣವನ್ನು.

“ಏಳಂಗಿಲ್ಲ,” ಎಂದಳು.