ಗೇಟಿನ ಮೇಲಿನ ಕಾಗದ

"ಕೈ ಜೇಬಿಂದ ತೆಗಿ," ಎಂದ ಪೊಲೀಸಿನವನು.

ಇವನು ತೆಗೆದ. ಬಲಗೈಯಲ್ಲಿ ಉಂಗುರದ ಬೆರಳಿಲ್ಲ. ಅಚ್ಚಿನ ಯಂತ್ರ ತಿಂದು ಆರು ವರ್ಷವಾಯಿತು. ಆಮೇಲೆ ಹಿಡಿದದ್ದೇ ಪೋಸ್ಟರ್ ಹಚ್ಚುವ ಕೆಲಸ. ಕಾಗದ ಹಚ್ಚಿದ ಮೇಲೆ ಅಂಗೈ ಅಗಲಿಸಿ ಒಮ್ಮೆ ಒತ್ತುವುದು ಅವನ ಅಭ್ಯಾಸ. ಉಗುರಿನ ಸಂದಿಯ ಅಂಟು ಯಾವ ಸೋಪಿಗೂ ಬಗ್ಗುವುದಿಲ್ಲ.

ಕಟಕಟೆಯಲ್ಲಿ ಐವರು. ನಾಲ್ವರು ಮುಚ್ಚಿದ ಗಿರಣಿಯ ಕೆಲಸಗಾರರು, ಐದನೆಯವನು ಇವನು. ಗಿರಣಿಯ ಗೇಟಿನಿಂದ ನೂರು ಮೀಟರಿನೊಳಗೆ ಯಾರೂ ಕಾಲಿಡಬಾರದು, ಏನನ್ನೂ ಅಂಟಿಸಬಾರದು ಎಂದು ಕೋರ್ಟಿನ ತಡೆಯಾಜ್ಞೆ. ಮೀರಿದ್ದು ನ್ಯಾಯಾಂಗ ನಿಂದನೆ. ಹಸಿದವರು ಗೇಟಿನ ಮುಂದೆ ನಿಂತರೆ ನ್ಯಾಯಕ್ಕೆ ಅವಮಾನವಂತೆ. ಗೇಟಿಗೆ ಬೀಗ ಜಡಿದವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ.

ಗಿರಣಿಯ ವಕೀಲರು ಎರಡು ಫೋಟೊ ದೊಡ್ಡದು ಮಾಡಿಸಿ ಹಲಗೆಗೆ ಚುಚ್ಚಿದ್ದರು. ಒಂದರಲ್ಲಿ, ಹತ್ತೂಕಾಲಿಗೆ, ಇವನ ಬೆನ್ನು, ಬಕೆಟ್ಟು, ಎತ್ತಿದ ಬ್ರಷ್ಷು. ಹಚ್ಚುತ್ತಿದ್ದ ಕಾಗದ ಬೆನ್ನಿನ ಮರೆಯಲ್ಲಿ. ಇನ್ನೊಂದರಲ್ಲಿ, ಹತ್ತೂವರೆಗೆ, ಅದೇ ಗೇಟು, ಅದರ ಮೇಲೆ ತಡೆಯಾಜ್ಞೆ. ಆದೇಶ ಕಣ್ಣೆದುರಿಗಿದ್ದರೂ ಈ ಮನುಷ್ಯ ಮುಷ್ಕರದ ಪೋಸ್ಟರ್ ಹಚ್ಚಿದ್ದಾನೆ ಎಂದರು.

ಸಾಕ್ಷಿಗೆ ಬಂದವನು ಆದೇಶ ಜಾರಿ ಮಾಡುವ ಕೋರ್ಟಿನ ನೌಕರ. ಇವನ ಅಕ್ಕನ ಗಂಡ. ಹಿಂದೊಮ್ಮೆ ಗಲಾಟೆಯಲ್ಲಿ ಕಲ್ಲು ಬಿದ್ದು ಹಣೆಗೆ ಏಳು ಹೊಲಿಗೆ. ಅಂದಿನಿಂದ ಗುಂಪು ಕಂಡರೆ ದಾರಿ ಬದಲಿಸುವವನು. ಹತ್ತು ಬೆರಳಲ್ಲೂ ಸಾಕ್ಷಿಕಟ್ಟೆ ಬಿಗಿಹಿಡಿದು, ಹತ್ತು ಗಂಟೆಗೆ ಆದೇಶವನ್ನು ನಾನೇ ಖುದ್ದಾಗಿ ಅಂಟಿಸಿದೆ ಎಂದು ಪ್ರಮಾಣ ಮಾಡಿದ. ದನಿ ಒಡೆಯಿತು. ಹೆಂಡತಿಯ ತಮ್ಮನ ವಿರುದ್ಧವೇ ಸಾಕ್ಷಿ ಹೇಳುವ ಕರ್ಮ ಎಂದು ಗುಮಾಸ್ತ ಮರುಗಿದ.

ಬೆಳಿಗ್ಗೆ ಕೋರ್ಟಿನ ಜಗಲಿಯಲ್ಲಿ ಅಕ್ಕ ತಮ್ಮನ ತೋಳು ಹಿಡಿದುಕೊಂಡಿದ್ದಳು. "ಬಾಯಿ ಬಿಡಬೇಡ ಕಣೋ. ಇವರ ಕೆಲಸ ಹೋದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ನ್ಯಾಯಾಧೀಶರು ಕನ್ನಡಕ ತೆಗೆದರು. "ನೀನು ಗಿರಣಿಯವನಲ್ಲ. ಯಾರೋ ಕಳಿಸಿದ್ದಾರೆ. ಹೆಸರು ಹೇಳಿದ್ರೆ ಈಗಲೇ ಮನೆಗೆ. ಇಲ್ಲಾಂದ್ರೆ ಮೂರು ತಿಂಗಳು."

ಇವನು ಸುತ್ತ ನೋಡಿದ. ಎರಡು ಬಾಗಿಲು, ಎರಡರಲ್ಲೂ ಪೊಲೀಸರು. ಕಿಟಕಿಗೆ ಸರಳು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಭಾವ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ಯಾರೂ ಕಳಿಸಿಲ್ಲ ಸ್ವಾಮಿ. ನನ್ನ ಕೆಲಸ ಅದು. ಮಾಡ್ದೆ."

"ಕ್ಷಮೆ ಕೇಳ್ತೀಯಾ?"

"ಯಾರ ಹತ್ರ?"

ನ್ಯಾಯಾಧೀಶರ ಮುಖ ಕೆಂಪಾಯಿತು. ಕೆಲಸಗಾರರಿಗೆ ಒಂದೊಂದು ತಿಂಗಳು. ಉದ್ಧಟತನಕ್ಕೆ ಇವನಿಗೆ ಮೂರು.

ಇಳಿಯುವಾಗ ಹಿರಿಯ ಕೆಲಸಗಾರ ಹೆಗಲ ಮೇಲೆ ಕೈಹಾಕಿದ. "ಅವತ್ತಿನ ತನಕ ನಿನ್ನ ಮುಖಾನೇ ನೋಡಿರ್ಲಿಲ್ಲವಲ್ಲ ನಾವು. ಯಾರ ಕಡೆಯವನಯ್ಯ ನೀನು?"

"ನೆಂಟರ ಕಡೆಯವನು."

ಕೆಲಸಗಾರ ನಕ್ಕ. ಇವನು ನಗಲಿಲ್ಲ.

ಕೋರ್ಟು ಖಾಲಿಯಾಯಿತು. ಗುಮಾಸ್ತ ಹಲಗೆಯಿಂದ ಫೋಟೊಗಳನ್ನು ಕಳಚಿ, ನೋಡದೆ ಕಡತಕ್ಕೆ ಸೇರಿಸಿದ.

ಎರಡನೆಯದರಲ್ಲಿ, ತಡೆಯಾಜ್ಞೆಯ ಮೇಲೆ, ಕೋರ್ಟಿನ ಮೊಹರಿನ ಪಕ್ಕದಲ್ಲೇ, ಅಂಟಿನ ಅಂಗೈ ಗುರುತೊಂದು ಸ್ಪಷ್ಟವಾಗಿ ಮೂಡಿತ್ತು: ಉಂಗುರದ ಬೆರಳಿನ ಜಾಗ ಖಾಲಿ.